ಅಪ್‌ಡೇಟ್: ಫ್ಲಾರೆನ್ಸ್ ಒಳಗೆ ಬಾಡಿಗೆ ಕಾರು ಬೇಡ ಅಂತ ತೀರ್ಮಾನ

ರೋಮ್‌ನಿಂದ ಬಾಡಿಗೆ ಕಾರಿನಲ್ಲಿ ಬಂದು ಫ್ಲಾರೆನ್ಸ್‌ನ ಹಳೇ ಊರಿನ ಹೋಟೆಲಿನವರೆಗೂ ಓಡಿಸಬಹುದೇ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಬೇಡ ಅಂತಲೇ ನಿರ್ಧಾರವಾಯಿತು.

ಮುಖ್ಯ ಕಾರಣ ಹಳೇ ಊರಿನ ಜೆಡ್‌ಟಿಎಲ್, ಅಂದರೆ ಪರವಾನಗಿ ಇದ್ದ ವಾಹನಗಳಿಗೆ ಮಾತ್ರ ಪ್ರವೇಶವಿರುವ ವಲಯ. ಅಲ್ಲಿ ಗೇಟೂ ಇಲ್ಲ, ಪೊಲೀಸರೂ ತಡೆಯುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಅಷ್ಟೆ. ದಾರಿ ತಪ್ಪಿ ಎರಡು ಕ್ಯಾಮೆರಾ ದಾಟಿದರೆ ಎರಡು ದಂಡ ಬೀಳಬಹುದು. ಬಾಡಿಗೆ ಕಂಪನಿ ಪೊಲೀಸರಿಗೆ ಚಾಲಕರ ವಿವರವನ್ನು ಕೊಟ್ಟು, ಅದಕ್ಕೇ ಬೇರೆ ಶುಲ್ಕ ಕಡಿತ ಮಾಡುತ್ತದೆ. ದಂಡದ ಪತ್ರ ಬೆಂಗಳೂರಿನ ಮನೆಗೆ ತಿಂಗಳುಗಟ್ಟಲೆ ಕಳೆದ ಮೇಲೆ ಬರುವುದೂ ಉಂಟು.

ಬಹಳ ಜನ ಎಡವುವುದು ವಲಯದ ಪ್ರವೇಶದಲ್ಲಿರುವ ಬೋರ್ಡಿನಲ್ಲಿ. ‘ವಾರ್ಕೋ ಅತ್ತೀವೋ’ ಎಂದರೆ ಕ್ಯಾಮೆರಾ ಚಾಲೂ ಇದೆ, ಒಳಗೆ ಹೋಗಬಾರದು. ‘ನೋನ್ ಅತ್ತೀವೋ’ ಇದ್ದರೆ ಮಾತ್ರ ಹೋಗಬಹುದು. ‘ಅತ್ತೀವೋ’ ನೋಡಿ ದಾರಿ ತೆರೆದಿದೆ ಅಂದುಕೊಂಡರೆ ಕೆಟ್ಟಿತು. ಹೋಟೆಲಿನವರು ಪ್ಲೇಟ್ ನಂಬರ್ ನೋಂದಾಯಿಸಿ ಸಾಮಾನು ಇಳಿಸಲು ಅನುಮತಿ ಕೊಡಿಸಬಹುದು. ಆದರೆ ಬಾಡಿಗೆ ಕಾರಿನ ನಂಬರ್ ಕೀಲಿ ಕೈಗೆ ಬಂದ ಮೇಲೆಯೇ ಗೊತ್ತಾಗುವುದು, ಒಂದು ಅಕ್ಷರ ತಪ್ಪಿದರೂ ಅನುಮತಿ ಉಪಯೋಗಕ್ಕೆ ಬಾರದು. ಇಳಿಸಿದ ಮೇಲೂ ಕಾರು ನಿಲ್ಲಿಸಲು ಜಾಗ ಹುಡುಕಲೇಬೇಕು.

ಹಾಗಾಗಿ ವಿಲ್ಲಾ ಕೊಸ್ತಾಂಜಾ. ಎ1 ಹೆದ್ದಾರಿಯಿಂದಲೇ ನೇರ ಪ್ರವೇಶವಿರುವ ಪಾರ್ಕಿಂಗ್ ಇದು. ಟೋಲ್ ಬೂತ್ ದಾಟಿ ಊರಿಗಿಳಿಯುವ ಅಗತ್ಯವೇ ಇಲ್ಲ. ಅಲ್ಲಿಂದ ಟಿ1 ಟ್ರ್ಯಾಮ್ ಹಿಡಿದರೆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಸಾಂತಾ ಮರಿಯಾ ನೊವೆಲ್ಲಾ, ಅಂದರೆ ಊರಿನ ಮುಖ್ಯ ರೈಲು ನಿಲ್ದಾಣ. ಕಾಗದದ ಟಿಕೆಟ್ ಆದರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ನಮ್ಮ ಲೈಸೆನ್ಸ್ ಜೊತೆ ಆರ್‌ಟಿಓ ಕೊಡುವ ಅಂತಾರಾಷ್ಟ್ರೀಯ ಪರವಾನಗಿಯೂ ಬೇಕು, ಹೊರಡುವ ಮೊದಲೇ ಮಾಡಿಸಿ.