ಮಡಚಿದ ಹಾರ್ನ್ ಬಾಸ್ ಬಾಕ್ಸ್: 50 ಹರ್ಟ್ಸ್ ಕೆಳಗೆ ದಮ್ಮಿಲ್ಲ

ಪ್ರಶ್ನೆ: 18 ಇಂಚಿನ ಡ್ರೈವರ್ (ಸ್ಪೀಕರ್), 18 ಮಿ.ಮೀ. ಪ್ಲೈವುಡ್, ಹಾರ್ನ್ ಹಾದಿ (ಬಾಕ್ಸಿನೊಳಗೆ ಮಡಚಿದ, ಸದ್ದು ಸಾಗುವ ದಾರಿ) 2.1 ಮೀಟರ್. ಬಯಲಲ್ಲಿ ಒಂದೇ ಬಾಕ್ಸ್ ಇಟ್ಟರೆ 50 ಹರ್ಟ್ಸ್ ಕೆಳಗೆ ಬಾಸ್ ಸೊರಗುತ್ತೆ. ವಾಲ್ಯೂಮ್ ಏರಿಸಿದರೆ ಪರಪರ ಸದ್ದು. ಎಲ್ಲಿ ನೋಡಲಿ?

ಉತ್ತರ: ಹಾದಿಯ ಉದ್ದ ಸರಿಯಾಗೇ ಇದೆ ಸರ್, 40 ಹರ್ಟ್ಸ್ ಅಲೆಯ ಕಾಲುಭಾಗ ಸುಮಾರು 2.14 ಮೀಟರ್. ಕೊರತೆ ಇರೋದು ಬಾಯಿಯಲ್ಲಿ, ಅಂದರೆ ಸದ್ದು ಹೊರಬರುವ ತೆರಪಿನಲ್ಲಿ. ನೆಲದ ಮೇಲಿಟ್ಟರೂ 40 ಹರ್ಟ್ಸ್‌ಗೆ ಸುಮಾರು 3 ಚದರ ಮೀಟರ್ ಬಾಯಿ ಬೇಕು; ಒಂದು ಬಾಕ್ಸಿನಲ್ಲಿ ಅರ್ಧ ಚದರ ಮೀಟರ್ ಸಿಕ್ಕರೆ ಹೆಚ್ಚು. ಅದಕ್ಕೇ ನಾಲ್ಕು ಬಾಕ್ಸನ್ನು ಒತ್ತೊತ್ತಾಗಿ ಜೋಡಿಸೋದು. ಒಂದೇ ಇದ್ದರೆ ಗೋಡೆಯ ಮೂಲೆಗಿಡಿ.

ಉತ್ತರ: ಪರಪರ ಸದ್ದಿಗೆ ಮೊದಲು ಗಾಳಿ ಸೋರಿಕೆ ನೋಡಿ. 45 ಹರ್ಟ್ಸ್ ಟೋನ್ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಹಿಂದಿನ ಚೇಂಬರಿನ (ಡ್ರೈವರ್ ಬೆನ್ನಿನ ಮುಚ್ಚಿದ ಗೂಡಿನ) ಸಂದುಗಳುದ್ದಕ್ಕೂ ನಿಧಾನವಾಗಿ ಸರಿಸಿ. ಹೊಗೆ ನಡುಗಿದಲ್ಲಿ ಸೋರಿಕೆ ಇದೆ. ಫೆವಿಕಾಲ್‌ಗೆ ಮರದ ಹುಡಿ ಕಲಸಿ ತುಂಬಿ. ಮುಚ್ಚಳಕ್ಕೆ ಫೋಮ್ ಗ್ಯಾಸ್ಕೆಟ್, 10 ಸೆಂ.ಮೀ.ಗೊಂದು ಸ್ಕ್ರೂ. ಬಾಯಿ ಹತ್ತಿರದ ಅಗಲ ಹಲಗೆಗಳ ನಡುವೆ ಅಡ್ಡಪಟ್ಟಿ ಕೊಡಿ, ಅವೂ ಅದುರುತ್ತವೆ.

ಉತ್ತರ: 35 ಹರ್ಟ್ಸ್‌ಗೆ 24 ಡಿಬಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್) ಇಲ್ಲದೆ ದಯವಿಟ್ಟು ಓಡಿಸಬೇಡಿ. ಕಟಾಫ್ (ಹಾರ್ನ್ ಕೆಲಸ ಮಾಡುವ ಕೆಳಮಿತಿ) ಕೆಳಗೆ ಹಾರ್ನ್ ಡ್ರೈವರಿನ ಕೋನನ್ನು ಹಿಡಿದಿಡಲ್ಲ. ವಾಯ್ಸ್ ಕಾಯಿಲ್ (ಕೋನನ್ನು ಆಡಿಸುವ ತಂತಿ ಸುರುಳಿ) ಅಯಸ್ಕಾಂತದ ಗ್ಯಾಪಿನಾಚೆ ಜಿಗಿದು ಉಜ್ಜುತ್ತೆ, ಸುಡುತ್ತೆ. ಟಾಪ್‌ಗಳಿಗೆ (ಮೇಲಿನ ಸ್ವರಗಳ ಸ್ಪೀಕರ್ ಬಾಕ್ಸ್) 6 ಮಿಲಿಸೆಕೆಂಡ್ ಡಿಲೇ ಕೊಟ್ಟು ನೋಡಿ, ಬಾಸ್ 2.1 ಮೀಟರ್ ಹಾರ್ನ್ ಒಳಗೇ ನಡೆದು ಅಷ್ಟು ತಡವಾಗಿ ಬರುತ್ತೆ.