ಕಣದ ಹೊಟ್ಟು ಎಂದವರಿಗೆ: ಬ್ಲ್ಯಾಕ್ ಫ್ಲ್ಯಾಗ್ ತಂಡದ ಎರಡು ಹಳೆಯ ಸಂಕಲನಗಳು

ಎರಡನೇ ಪಾಳಿ:
ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್‌ನಲ್ಲಿ ಹುಟ್ಟಿದ ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ತಂಡವನ್ನು ಹೊಸದಾಗಿ ಕೇಳಲು ಹೊರಟವರಿಗೆ ನನ್ನದೊಂದೇ ಮಾತು. ಗಾಯಕ ಹೆನ್ರಿ ರಾಲಿನ್ಸ್ ತಂಡಕ್ಕೆ ಬರುವುದಕ್ಕೆ ಮುಂಚಿನ ಹಾಡುಗಳು ಬೇಕಿದ್ದರೆ 1983ರ ‘ದ ಫಸ್ಟ್ ಫೋರ್ ಇಯರ್ಸ್’ ಸಂಕಲನವನ್ನು ಕೊಳ್ಳಿ. 1982ರ ‘ಎವೆರಿಥಿಂಗ್ ವೆಂಟ್ ಬ್ಲ್ಯಾಕ್’ ಎಂಬ ಜೋಡಿ ಎಲ್‌ಪಿಯ ತಂಟೆಗೆ ಹೋಗಬೇಡಿ. ಮೊದಲನೆಯದರಲ್ಲಿ ತಂಡ ತಾನೇ ಒಪ್ಪಿ ಹೊರತಂದಿದ್ದ ಮೂರು ಇಪಿಗಳು (ಕೆಲವೇ ಹಾಡುಗಳ ಚಿಕ್ಕ ತಟ್ಟೆಗಳು), ಒಂದು ಸಿಂಗಲ್, ಬಿಡಿಯಾಗಿದ್ದ ಎರಡು ಹಾಡು ಸೇರಿ 16 ಹಾಡುಗಳಿವೆ, ಒಂದೂ ಜೊಳ್ಳಿಲ್ಲ. ಎರಡನೆಯದು ಆಗ ಹೊರಬರದೆ ಉಳಿದಿದ್ದ ಧ್ವನಿಮುದ್ರಣಗಳ ಗಂಟು, ರಾಶಿ ಮಾಡಿ ಕಾಳು ಹೊತ್ತೊಯ್ದ ಮೇಲೆ ಕಣದಲ್ಲಿ ಉಳಿದ ಹೊಟ್ಟು. ಸಾಲದ್ದಕ್ಕೆ ನಾಲ್ಕನೆಯ ಮಗ್ಗುಲಿನ ತುಂಬ ರೇಡಿಯೊ ಜಾಹೀರಾತುಗಳನ್ನು ತುರುಕಿದ್ದಾರೆ, ಮುಖಪುಟದ ಮೇಲೆ ತಂಡದ ಹೆಸರನ್ನೂ ಹಾಕದೆ ಮಾರಿದ್ದಾರೆ.

ಸೂಜಿಮುಳ್ಳು:
“ಹೊಟ್ಟು” ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸುವ ಮುನ್ನ ತಾವು ಲೆಕ್ಕ ಹಾಕಿ ನೋಡಬೇಕಿತ್ತು. ತಂಡದ ಮೊದಲ ಗಾಯಕ ಕೀತ್ ಮಾರಿಸ್‌ಗೆ ತಮ್ಮ ಮೆಚ್ಚಿನ ಸಂಕಲನದಲ್ಲಿ ಸಿಕ್ಕಿರುವುದು ನಾಲ್ಕು ಹಾಡು, ಒಟ್ಟು ಐದು ನಿಮಿಷದಷ್ಟು ಸಮಯ. ಹೊಟ್ಟು ಎಂದು ತೂರಿಬಿಟ್ಟ ಸಂಕಲನದಲ್ಲಿ ಆತನ ಒಂಬತ್ತು ಹಾಡುಗಳಿವೆ. ‘ಡಿಪ್ರೆಶನ್’ ಎಂಬ ಒಂದೇ ಹಾಡನ್ನು ಅದರಲ್ಲಿ ಕೀತ್ ಮಾರಿಸ್, ರಾನ್ ರೇಯಸ್, ಡೆಜ್ ಕಡೇನಾ ಮೂವರೂ ಹಾಡಿದ್ದು, ಮೂರನ್ನೂ ಬೆನ್ನುಬೆನ್ನಿಗೆ ಹಾಕಿಕೊಂಡು ಕೇಳಿದರೆ ಮೊದಲನೆಯವನು ಮೂಗಿನಲ್ಲಿ ಅಣಕಿಸುವಂತೆಯೂ, ಎರಡನೆಯವನು ಯಾರೋ ಅಟ್ಟಿಸಿಕೊಂಡು ಬಂದವರಂತೆ ಗಾಬರಿಯಿಂದಲೂ, ಮೂರನೆಯವನು ಗಂಟಲು ಹರಿದು ಹೋದ ಮೇಲೂ ನಿಲ್ಲಿಸಲೊಲ್ಲದವನಂತೆಯೂ ಕೇಳಿಸುತ್ತಾರೆ. ಗ್ರೆಗ್ ಗಿನ್‌ನ ಗಿಟಾರ್ ವರ್ಷದಿಂದ ವರ್ಷಕ್ಕೆ ಹೇಗೆ ದಪ್ಪವಾಗುತ್ತ ಹೋಯಿತು ಎಂಬುದು ಇಷ್ಟು ಹತ್ತಿರದಿಂದ ಬೇರೆಲ್ಲೂ ಕೇಳಸಿಗದು.

ಎರಡನೇ ಪಾಳಿ:
“ಒಂದೇ ಹಾಡನ್ನು ಮೂವರೂ” ಎಂದು ತಾವೇ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ‘ಡಿಪ್ರೆಶನ್’ ಮೂರು ಸಲ, ‘ಪೊಲೀಸ್ ಸ್ಟೋರಿ’ ಮೂರು ಸಲ, ‘ಗಿಮ್ಮೀ ಗಿಮ್ಮೀ ಗಿಮ್ಮೀ’ ಮೂರು ಸಲ. ಇವೆಲ್ಲವೂ 1981ರ ‘ಡ್ಯಾಮೇಜ್ಡ್’ ಆಲ್ಬಮ್‌ನಲ್ಲಿ ರಾಲಿನ್ಸ್ ದನಿಯಲ್ಲಿ ಮುಗಿದ ರೂಪದಲ್ಲಿ ಸಿಗುವಾಗ, ಕರಡು ಪ್ರತಿಗಳಿಗೆ ಹಣ ತೆತ್ತು ಕೂರುವ ದರ್ದು ಹೊಸ ಕೇಳುಗನಿಗೇನಿದೆ?

ಹೆಬ್ಬಾಗಿಲು:
ಮೊದಲ ಬರಹದ ಕೊನೆಯ ವಾಕ್ಯಕ್ಕೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. “ಹೆಸರನ್ನೂ ಹಾಕದೆ ಮಾರಿದ್ದಾರೆ” ಎಂದರೆ ಕದ್ದ ಮಾಲು ಮಾರಿದರು ಎಂಬ ಧ್ವನಿ ಬರುತ್ತದೆ. ‘ಡ್ಯಾಮೇಜ್ಡ್’ ಹೊರತರಲು ತಂಡವು ಯೂನಿಕಾರ್ನ್ ಎಂಬ ಕಂಪನಿಯೊಡನೆ ಕೈಜೋಡಿಸಿತ್ತು. ಅದನ್ನು ಅಂಗಡಿಗಳಿಗೆ ಹಂಚಬೇಕಿದ್ದ ಎಂಸಿಎ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಅದು ತಂದೆತಾಯಿಯರ ವಿರೋಧಿ ಆಲ್ಬಮ್ ಎಂದು ಹೇಳಿ ವಿತರಣೆಗೆ ನಿರಾಕರಿಸಿದ ಮೇಲೆ ತಂಡಕ್ಕೂ ಯೂನಿಕಾರ್ನ್‌ಗೂ ವ್ಯಾಜ್ಯ ಬೆಳೆದು, ತಂಡ ತನ್ನ ಹೆಸರಿನಲ್ಲಿ ಧ್ವನಿಮುದ್ರಿಕೆ ತರಬಾರದೆಂದು ನ್ಯಾಯಾಲಯದ ತಡೆಯಾಜ್ಞೆ ಬಂತು. ಹೆಸರಿಲ್ಲದ ಮುಖಪುಟ ಆ ತಡೆಯಾಜ್ಞೆಯ ಫಲವೇ ಹೊರತು ಯಾರ ಕಣ್ಣಿಗೆ ಮಣ್ಣೆರಚುವ ಉಪಾಯವೂ ಅಲ್ಲ.

ಷರಾ:
“ಉಪಾಯವೂ ಅಲ್ಲ” ಎಂದು ಬರೆದವರು ಮುಂದಿನ ಸಂಗತಿಯನ್ನು ಜಾಣತನದಿಂದ ಬಿಟ್ಟಿದ್ದಾರೆ. ಈ ಎಲ್‌ಪಿ ಹೊರಬಂದ ಮೇಲೆ ಯೂನಿಕಾರ್ನ್ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ತಂಡದ ಸ್ವಂತ ಧ್ವನಿಮುದ್ರಿಕೆ ಸಂಸ್ಥೆ ಎಸ್‌ಎಸ್‌ಟಿ ಲೇಬಲ್ ನಡೆಸುತ್ತಿದ್ದ ಗ್ರೆಗ್ ಗಿನ್ ಮತ್ತು ಚಕ್ ಡುಕೌಸ್ಕಿ ನ್ಯಾಯಾಂಗ ನಿಂದನೆಯ ಮೇಲೆ ಐದು ದಿನ ಜೈಲಿನಲ್ಲಿದ್ದರು. ಹೆಸರು ತೆಗೆದರೆ ಆದೇಶ ಪಾಲಿಸಿದಂತೆ ಎಂಬ ವಾದವನ್ನು ಅಂದಿನ ನ್ಯಾಯಾಧೀಶರೇ ಒಪ್ಪದಿರುವಾಗ ನಾವೇಕೆ ಒಪ್ಪಬೇಕು?

ಹೆಬ್ಬಾಗಿಲು:
ಜೈಲಿಗೆ ಹೋದವರೆಲ್ಲ ವಂಚಕರು ಎಂಬುದು ವಿಚಿತ್ರವಾದ ತರ್ಕ. ತಂಡದ ಹೆಸರಿನ ಬದಲು ಅದರಲ್ಲಿ ನುಡಿಸಿದವರ, ಹಾಡಿದವರ ಹೆಸರುಗಳನ್ನೆಲ್ಲ ಅಚ್ಚು ಹಾಕಿದ್ದರು. ಕೊಳ್ಳುವವನಿಗೆ ತಾನು ಯಾರ ಹಾಡು ಕೊಳ್ಳುತ್ತಿದ್ದೇನೆ ಎಂಬುದು ತಿಳಿದೇ ಇತ್ತು.

ಷರಾ:
“ಹೆಸರುಗಳನ್ನೆಲ್ಲ”! ಹಾಗಿದ್ದರೆ ಜಾನಿ ಬಾಬ್ ಗೋಲ್ಡ್‌ಸ್ಟೀನ್ ಯಾರೆಂದು ದಯವಿಟ್ಟು ತಿಳಿಸಿ. ಕೀತ್ ಮಾರಿಸ್ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಆತನ ಒಂಬತ್ತೂ ಹಾಡುಗಳು ಈ ಗೋಲ್ಡ್‌ಸ್ಟೀನ್ ಮಹಾಶಯರ ಲೆಕ್ಕಕ್ಕೆ ಬಿದ್ದಿವೆ. ರಾನ್ ರೇಯಸ್‌ಗಂತೂ ಇಲ್ಲಿ ಬರೆಯಲು ನಾಚಿಕೆಯಾಗುವ ಅಡ್ಡಹೆಸರು ಕೊಟ್ಟಿದ್ದಾರೆ. ತಂಡದ ಹೆಸರಿಲ್ಲ, ಮೂವರು ಗಾಯಕರಲ್ಲಿ ಇಬ್ಬರ ನಿಜವಾದ ಹೆಸರಿಲ್ಲ, ಆದರೂ ಕೊಳ್ಳುವವನಿಗೆ ಎಲ್ಲವೂ ತಿಳಿದಿತ್ತಂತೆ.

ಕಡಲತಡಿ:
ಅಂಕಿತದ ಸಾಲನ್ನು ಮುಚ್ಚಿ ಹಿಡಿದರೂ ಒಳ್ಳೆಯ ಓದುಗ ವಚನ ಯಾರದೆಂದು ಊಹಿಸುತ್ತಾನಲ್ಲ, ಹಾಗೆಯೇ ಇದು. ಗಿನ್‌ನ ಗಿಟಾರ್ ಎರಡು ಕ್ಷಣ ಕಿವಿಗೆ ಬಿದ್ದರೆ ಸಾಕು, ಮುಖಪುಟ ನೋಡುವ ಗರಜೇ ಬೀಳುವುದಿಲ್ಲ.

ಷರಾ:
ಮೇಡಂ, ಅಂಕಿತ ಮುಚ್ಚಿ ಹಿಡಿಯುವ ಆಟವಾಡಲು ಮೊದಲು ಅಂಕಿತವಿರಬೇಕು. ಇಲ್ಲಿ ಬೇರೊಬ್ಬನ ಅಂಕಿತವನ್ನೇ ಹಾಕಿದ್ದಾರೆ, ಹಾಗೆ ಮಾಡಿದ್ದನ್ನು ನಮ್ಮ ವಚನ ಸಂಪಾದಕರು ಪ್ರಕ್ಷೇಪ ಎನ್ನುತ್ತಾರೆ. ಅಲ್ಲದೆ ಎಲ್‌ಪಿ ಕೊಳ್ಳುವವನು ಅಂಗಡಿಯಲ್ಲಿ ನಿಂತು ಮುಖಪುಟವನ್ನಷ್ಟೇ ನೋಡುತ್ತಾನೆ. ಗಿಟಾರ್ ಕಿವಿಗೆ ಬೀಳುವುದು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ.

ಹೆಬ್ಬಾಗಿಲು:
ಪ್ರಕ್ಷೇಪ ಎಂದರೆ ಕವಿಯದ್ದಲ್ಲದ್ದನ್ನು ಕವಿಯ ಹೆಸರಿಗೆ ಸೇರಿಸುವುದು. ಇಲ್ಲಿ ಆಗಿರುವುದು ಅದರ ತದ್ವಿರುದ್ಧ. ಪದದ ಅರ್ಥ ಗೊತ್ತಿಲ್ಲದೆ ವಾದಕ್ಕಿಳಿಯುವುದು ತಮಗೆ ಶೋಭಿಸುವುದಿಲ್ಲ. ನಂತರದ ಮುದ್ರಣಗಳಲ್ಲಿ ತಂಡದ ಹೆಸರು ಮುಖಪುಟಕ್ಕೆ ಮರಳಿ ಬಂದಿದೆ, ಅದನ್ನೂ ಮರೆತಿದ್ದೀರಿ.

ಷರಾ:
ಮರಳಿ ಬಂತು ಎಂದರೆ ಮೊದಲು ಇರಲಿಲ್ಲ ಎಂದೇ ಅರ್ಥ. ನಾನು ಹೇಳಿದ್ದೂ ಅದನ್ನೇ.

ಸೂಜಿಮುಳ್ಳು:
ಹೆಸರಿನ ಪ್ರಾಮಾಣಿಕತೆಯ ಬಗ್ಗೆ ಇಷ್ಟೊಂದು ಕಾಳಜಿ ಇದ್ದವರು ‘ದ ಫಸ್ಟ್ ಫೋರ್ ಇಯರ್ಸ್’ ಎಂಬ ಶೀರ್ಷಿಕೆಯನ್ನು ಒಮ್ಮೆ ಬೆರಳು ಮಡಿಸಿ ಎಣಿಸಿದ್ದಾರೆಯೇ? ತಂಡ ಶುರುವಾದದ್ದು 1976ರಲ್ಲಿ, ಆಗ ಅದರ ಹೆಸರು ಪ್ಯಾನಿಕ್. ಸಂಕಲನದಲ್ಲಿರುವ ‘ಸಿಕ್ಸ್ ಪ್ಯಾಕ್’ ಇಪಿ ಬಂದದ್ದು 1981ರಲ್ಲಿ. ಯಾವ ಗಣಿತದಲ್ಲಿ ಇದು ಮೊದಲ ನಾಲ್ಕು ವರ್ಷವಾಗುತ್ತದೆ? ಹೆಸರಿಲ್ಲದಿರುವುದು ಮೋಸವಾದರೆ ಸುಳ್ಳು ಹೆಸರಿಟ್ಟುಕೊಂಡು ಓಡಾಡುವುದನ್ನು ಏನೆಂದು ಕರೆಯುತ್ತೀರಿ? ಸಭ್ಯವಾಗಿ ಬರೆಯಬೇಕೆಂಬ ಒಂದೇ ಕಾರಣಕ್ಕೆ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ.

ಎರಡನೇ ಪಾಳಿ:
ಎಣಿಕೆಯನ್ನೇ ಮಾಡೋಣ. ಸಂಕಲನದಲ್ಲಿರುವ ಮೊದಲ ಇಪಿ ‘ನರ್ವಸ್ ಬ್ರೇಕ್‌ಡೌನ್’ನ ಧ್ವನಿಮುದ್ರಣ ನಡೆದದ್ದು 1978ರ ಜನವರಿಯಲ್ಲಿ. 1978, 79, 80, 81: ನನ್ನ ಕೈಯಲ್ಲಿ ನಾಲ್ಕೇ ಬೆರಳು ಮಡಿಸಿವೆ. ತಂಡ ಗ್ಯಾರೇಜಿನಲ್ಲಿ ತಾಲೀಮು ಮಾಡಿದ ದಿನಗಳನ್ನೂ ಸೇರಿಸಬೇಕೆಂದರೆ ಅದು ತಮ್ಮ ಹಟ.

ಸೂಜಿಮುಳ್ಳು:
ತಾಲೀಮನ್ನು ಲೆಕ್ಕಕ್ಕೆ ಹಿಡಿಯದ ತಮಗೆ ತಾಲೀಮಿನ ಬಿಸಿ ಇನ್ನೂ ಆರದ ಧ್ವನಿಮುದ್ರಣಗಳು ಹೊಟ್ಟಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಕಡಲತಡಿ:
ಹೆಸರಿನ ಜಗಳದಲ್ಲಿ ಹಾಡುಗಳು ಮೂಲೆಗೆ ಸರಿದಿವೆ. ಕೀತ್ ಮಾರಿಸ್ 1979ರಲ್ಲಿ ಹೊರನಡೆದು ಸರ್ಕಲ್ ಜರ್ಕ್ಸ್ ತಂಡ ಕಟ್ಟಿದ. ಹೋಗುವಾಗ ‘ಐ ಡೋಂಟ್ ಕೇರ್’ ಎಂಬ ಹಾಡು ಅವನ ಜೊತೆಗೇ ಹೋಗಿ, 1980ರಲ್ಲಿ ಆ ತಂಡದ ಮೊದಲ ಆಲ್ಬಮ್‌ನಲ್ಲಿ ‘ಡೋಂಟ್ ಕೇರ್’ ಎಂದು ಕಾಣಿಸಿಕೊಂಡಿತು. ಸಿಟ್ಟಿಗೆದ್ದ ಹಳೆಯ ತಂಡ ಅದೇ ಧಾಟಿಗೆ ಬೇರೆ ಸಾಹಿತ್ಯ ಕೂಡಿಸಿತು. ನಮಗೆ ನಿಮ್ಮ ಮೇಲೆ ವೈಯಕ್ತಿಕ ದ್ವೇಷವಿರುವುದು ಖಂಡಿತ ನಿಜ ಎಂಬರ್ಥದ ಉದ್ದನೆಯ ಶೀರ್ಷಿಕೆಯ ಆ ಹಾಡನ್ನು ಬೇಸ್ ನುಡಿಸುವ ಡುಕೌಸ್ಕಿಯೇ ಹಾಡಿದ. ಆ ಮಾರುತ್ತರ ಇರುವುದು ‘ದ ಫಸ್ಟ್ ಫೋರ್ ಇಯರ್ಸ್’ನಲ್ಲಿ. ಯಾವುದಕ್ಕೆ ಉತ್ತರವೋ ಆ ಹಾಡು ಕೀತ್‌ನ ದನಿಯಲ್ಲಿ ಇರುವುದು ‘ಎವೆರಿಥಿಂಗ್ ವೆಂಟ್ ಬ್ಲ್ಯಾಕ್’ನಲ್ಲಿ. ಒಂದನ್ನಷ್ಟೇ ಕೊಳ್ಳಿ ಎನ್ನುವುದು ಅತ್ತೆಯ ಮಾತು ಕೇಳಿ ಸೊಸೆಯ ಮಾತಿಗೆ ಕಿವಿ ಮುಚ್ಚಿಕೊಂಡಂತೆ. ಇನ್ನು ‘ಡಿಪ್ರೆಶನ್’, ‘ಪೊಲೀಸ್ ಸ್ಟೋರಿ’, ‘ಗಿಮ್ಮೀ’ ಮೂರೂ ‘ದ ಫಸ್ಟ್ ಫೋರ್ ಇಯರ್ಸ್’ನ ಹದಿನಾರು ಹಾಡುಗಳಲ್ಲಿ ಒಂದು ಸಲವೂ ಇಲ್ಲ ಎಂಬುದನ್ನು, ಮೂರು ಸಲ ಇದೆಯೆಂದು ದೂರುವವರು ಎಲ್ಲೂ ಹೇಳಲಿಲ್ಲ.

ಎರಡನೇ ಪಾಳಿ:
ಅತ್ತೆ ಸೊಸೆಯರ ಜಗಳ ತಿಳಿಯಲು ಯಾರೂ ಪಂಕ್ ಕೇಳುವುದಿಲ್ಲ. ಆದರೂ ‘ಐ ಡೋಂಟ್ ಕೇರ್’ ವಿಷಯವನ್ನು ಅಲ್ಲಗಳೆಯುವುದಿಲ್ಲ, ಅದು ಒಂದು ನಿಮಿಷದ ಹಾಡು. ಒಂದು ನಿಮಿಷಕ್ಕಾಗಿ ಎರಡು ತಟ್ಟೆ ಕೊಳ್ಳಬೇಕೇ? ನಾಲ್ಕನೆಯ ಮಗ್ಗುಲಿನ ಜಾಹೀರಾತುಗಳ ಬಗ್ಗೆ ಇಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಸೂಜಿಮುಳ್ಳು:
ಬಿಡುತ್ತೇನೆ. ಮುಂದಿನ ಕಾರ್ಯಕ್ರಮ ಎಲ್ಲಿ, ಯಾವ ತಂಡಗಳ ಜೊತೆ ಎಂದು ಕೂಗಿ ಹೇಳುವ ಆ ರೇಡಿಯೊ ತುಣುಕುಗಳಿಗೆ ಅವರೇ ‘ಕ್ರ್ಯಾಸ್ ಕಮರ್ಷಿಯಲಿಸಮ್’ (ನಾಚಿಕೆಗೆಟ್ಟ ವ್ಯಾಪಾರಬುದ್ಧಿ) ಎಂದು ಹೆಸರಿಟ್ಟಿದ್ದಾರೆ. ತಮ್ಮ ವ್ಯಾಪಾರವನ್ನು ತಾವೇ ಗೇಲಿ ಮಾಡಿಕೊಂಡವರ ನಗು ಅದರಲ್ಲಿದೆ. ನಾನು ಎಲ್‌ಪಿಯನ್ನು ತಿರುಗಿಸಿ ಹಾಕಿ ಕೊನೆಯವರೆಗೆ ಕೇಳುತ್ತೇನೆ.

ಷರಾ:
ಜಾಹೀರಾತಿಗಾದರೂ ಹೆಸರಿಟ್ಟರಲ್ಲ.