ಸೈಟಿಗೆ ಹಾಕಿದ ಫೈಲ್ ಯಾಕೆ ಕಾಣಿಸುತ್ತಿಲ್ಲ? ಹೊಸಬರ ಪ್ರಶ್ನೆ, ಬೆಳಗಾವಿಯಿಂದ ಉತ್ತರ

ಪ್ರಶ್ನೆ, ಇಳಕಲ್ಲಿನಿಂದ:

ಅಕ್ಕಾರ, ನಮಸ್ಕಾರ. ನಮ್ಮದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಅಪ್ಪ ಮಗ್ಗ ನೋಡಿಕೊಳ್ಳುತ್ತಾರೆ, ನಾನು ಬಿ.ಕಾಂ. ಎರಡನೇ ವರ್ಷ. ಪರಿಚಯದವರೊಬ್ಬರು ನಾಲ್ಕು ಪುಟದ ವೆಬ್‌ಸೈಟ್ ಮಾಡಿ, ಒಂದು ಜಿಪ್ ಫೈಲ್ ಮತ್ತು ಹೋಸ್ಟಿಂಗ್ ಪಾಸ್‌ವರ್ಡ್ ಕೊಟ್ಟು ಬೇರೆ ಊರಿಗೆ ಹೋದರು. ಜಿಪ್ ಬಿಚ್ಚಿದೆ, ನಾನೇ ಹೊಸ ಸೀರೆಗಳ ಫೋಟೋ ಸೇರಿಸಿದೆ, ಫೈಲ್ ಕಳಿಸುವ ಫೈಲ್‌ಜಿಲ್ಲಾ ತಂತ್ರಾಂಶದಿಂದ ಎಲ್ಲ ಅಪ್‌ಲೋಡ್ ಮಾಡಿದೆ. ಮೊದಲು ಹೋಸ್ಟಿಂಗ್‌ನವರ ಖಾಲಿ ಪುಟ ಬಂತು. ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕಿದ ಮೇಲೆ ನಮ್ಮ ಪುಟ ಬಂತು. ಆದರೆ ಫೋಟೋ ಇರಬೇಕಾದ ಕಡೆ ಹರಿದ ಚಿತ್ರದ ಗುರುತು. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಮಾತ್ರ ಎಲ್ಲ ಚೆಂದ ಕಾಣುತ್ತದೆ. ಎಲ್ಲಿ ತಪ್ಪಿದ್ದೇನೆ? ಇನ್ನೊಂದು, ಸೀರೆ ಬದಲಾದಾಗೆಲ್ಲ ಎಲ್ಲಾ ಫೈಲ್ ಮತ್ತೆ ಹಾಕಬೇಕಾ?

ಉತ್ತರ, ಬೆಳಗಾವಿಯಿಂದ:

ತಮ್ಮಾ, ಎರಡನೇ ಸಲಕ್ಕೇ ಪುಟ ಬಂದಿದೆ ಅಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿದೆ. ನಾನು ಟಿಳಕವಾಡಿಯಲ್ಲಿ ಕೂತು ಹದಿನಾಲ್ಕು ವರ್ಷದಿಂದ ಅಂಗಡಿ, ಶಾಲೆಗಳ ಸೈಟ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಹತ್ತಿರ ಬರುವ ಹೊಸಬರು ಬಹಳ ಸಲ ಇದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾರೆ.

ವೆಬ್‌ಸೈಟ್ ಅಂದರೆ ಬೇರೆಯವರ, ಅಂದರೆ ಹೋಸ್ಟಿಂಗ್‌ನವರ, ಕಂಪ್ಯೂಟರ್‌ನಲ್ಲಿ ಇರುವ ಒಂದು ಫೋಲ್ಡರ್. ಆ ಕಂಪ್ಯೂಟರ್ ಹಗಲು ರಾತ್ರಿ ಚಾಲೂ ಇರುತ್ತದೆ, ಕೇಳಿದವರಿಗೆ ಫೈಲ್ ಕೊಡುತ್ತದೆ. ಆದರೆ ಒಂದು ಗೊತ್ತಾದ ಫೋಲ್ಡರ್‌ನಿಂದ ಮಾತ್ರ ಕೊಡುತ್ತದೆ. ಸಿಪ್ಯಾನೆಲ್ ಅನ್ನುವ ನಿರ್ವಹಣಾ ಪುಟ ಇರುವ ಹೋಸ್ಟಿಂಗ್‌ನಲ್ಲಿ ಅದರ ಹೆಸರು ಪಬ್ಲಿಕ್ ಎಚ್‌ಟಿಎಂಎಲ್. ನೀನು ಮೊದಲು ಅದರ ಹೊರಗೆ ಹಾಕಿದ್ದೆ, ಅದಕ್ಕೇ ಖಾಲಿ ಪುಟ ಬಂತು. ಮೊದಲ ಪುಟದ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಇರಬೇಕು, ಪೂರ್ತಿ ಸಣ್ಣ ಅಕ್ಷರದಲ್ಲಿ.

ಈಗ ಫೋಟೋ ವಿಷಯ. ಇದನ್ನು ನಿಮ್ಮ ಮನೆಯ ಮಾತಲ್ಲೇ ಹೇಳುತ್ತೇನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ ಅಲ್ವಾ? ಪುಟಕ್ಕೂ ಫೋಟೋಗೂ ಸಂಬಂಧ ಹಾಗೇ. ಫೋಟೋ ಪುಟದೊಳಗೆ ಇರುವುದಿಲ್ಲ. ಪುಟದಲ್ಲಿ ಇರುವುದು ಅದರ ವಿಳಾಸ ಮಾತ್ರ, ಒಂದು ಕೊಂಡಿ. ಆ ಕೊಂಡಿಯ ಒಂದು ಅಕ್ಷರ ತಪ್ಪಿದರೂ ಫೋಟೋ ಕೂಡುವುದಿಲ್ಲ.

ಹರಿದ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆ. ಮೇಲೆ ವಿಳಾಸ ಕಾಣುತ್ತದೆ. ಸುಮ್ನೆ ನೋಡಿ ಬಿಡಬೇಡ, ಅಕ್ಷರ ಅಕ್ಷರ ಓದು.

ಅದರಲ್ಲಿ ಸಿ ಡ್ರೈವ್, ಯೂಸರ್ಸ್, ಡೆಸ್ಕ್‌ಟಾಪ್ ಅಂತ ಬಂದರೆ, ಪುಟವು ನಿನ್ನ ಲ್ಯಾಪ್‌ಟಾಪ್ ಒಳಗೇ ಫೋಟೋ ಹುಡುಕುತ್ತಿದೆ. ನಿನಗೆ ಕಾಣುತ್ತದೆ, ಲೋಕಕ್ಕೆ ಕಾಣುವುದಿಲ್ಲ. ಅಲ್ಲಿ ಬರೀ ಫೋಲ್ಡರ್ ಹೆಸರು, ಓರೆಗೀಟು, ಫೈಲ್ ಹೆಸರು ಸಾಕು.

ವಿಳಾಸ ಸರಿ ಇದ್ದೂ 404, ಅಂದರೆ ಫೈಲ್ ಸಿಗಲಿಲ್ಲ, ಅಂತ ಬಂದರೆ ಅಕ್ಷರದ ಗಾತ್ರ ನೋಡು. ವಿಂಡೋಸ್‌ಗೆ ದೊಡ್ಡ ಎಬಿಸಿಡಿಯೂ ಒಂದೇ, ಸಣ್ಣದೂ ಒಂದೇ. ಹೋಸ್ಟಿಂಗ್ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಲಿನಕ್ಸ್, ಅಲ್ಲಿ ಎರಡೂ ಬೇರೆ ಬೇರೆ. ಎಷ್ಟೋ ಕ್ಯಾಮೆರಾಗಳು ಫೈಲ್ ಕೊನೆಯ ಜೆಪಿಜಿಯನ್ನು ದೊಡ್ಡ ಅಕ್ಷರದಲ್ಲಿ ಇಡುತ್ತವೆ, ನಾವು ಪುಟದಲ್ಲಿ ಸಣ್ಣದರಲ್ಲಿ ಬರೆಯುತ್ತೇವೆ. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಕಂಡು ಅಲ್ಲಿ ಕಾಣದೆ ಇರುವುದಕ್ಕೆ ನನಗೆ ಇದೇ ಕಾರಣ ಅನ್ನಿಸುತ್ತದೆ. ಹೆಸರಿನ ನಡುವೆ ಜಾಗ ಬಿಡಬೇಡ, ಅಡ್ಡಗೆರೆ ಹಾಕು. ಫೈಲ್ ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರ ಮತ್ತು ಅಂಕಿಯಲ್ಲೇ ಇಡು. ಪುಟದೊಳಗಿನ ಬರಹ ಕನ್ನಡದಲ್ಲೇ ಇರಲಿ, ಅದಕ್ಕೆ ಏನೂ ತೊಂದರೆ ಇಲ್ಲ.

ಇಷ್ಟೆಲ್ಲ ಸರಿ ಇದ್ದರೆ ಫೋಟೋ ಹೋಗೇ ಇಲ್ಲದಿರಬಹುದು. ಫೈಲ್‌ಜಿಲ್ಲಾ ಕೆಳಗಡೆ ಸೋತ ವರ್ಗಾವಣೆಗಳ ಟ್ಯಾಬ್ ಇದೆ, ಫೇಲ್ಡ್ ಟ್ರಾನ್ಸ್‌ಫರ್ಸ್ ಅಂತ. ಹೊಸಬರು ಅದನ್ನು ನೋಡುವುದೇ ಇಲ್ಲ. ನೆಟ್ ನಡುವೆ ಕಡಿದರೆ ಫೈಲ್‌ಗಳು ಅಲ್ಲಿ ಬಂದು ಕೂತಿರುತ್ತವೆ. ಮೊಬೈಲ್ ಫೋಟೋ ಒಂದೊಂದು ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿದರೆ ಸಾಮಾನ್ಯವಾಗಿ 300 ಕೆಬಿ ಒಳಗೆ ಬರುತ್ತದೆ. ಬೇಗ ಹೋಗುತ್ತದೆ, ನೋಡುವವರಿಗೂ ಬೇಗ ತೆರೆಯುತ್ತದೆ.

ಎರಡನೇ ಪ್ರಶ್ನೆ. ಎಲ್ಲಾ ಫೈಲ್ ಮತ್ತೆ ಹಾಕಬೇಕಾಗಿಲ್ಲ. ಹೊಸ ಫೋಟೋ ಒಂದು, ಆ ಫೋಟೋ ಹೆಸರು ಬರೆದ ಪುಟ ಒಂದು, ಎರಡೇ ಫೈಲ್. ಅದೇ ಹೆಸರಿನ ಹಳೆಯದು ಅಲ್ಲಿದ್ದರೆ ಅದರ ಮೇಲೆ ಬರೆಯಲಾ ಅಂತ ಫೈಲ್‌ಜಿಲ್ಲಾ ಕೇಳುತ್ತದೆ. ಆಗ ಎರಡೂ ಫೈಲ್‌ನ ತಾರೀಕು ತೋರಿಸುತ್ತದೆ. ಓದಿ ಒಪ್ಪಿಗೆ ಕೊಡು. ಎಡಗಡೆ ನಿನ್ನ ಕಂಪ್ಯೂಟರ್, ಬಲಗಡೆ ಸರ್ವರ್, ಅಂದರೆ ಹೋಸ್ಟಿಂಗ್‌ನವರ ಕಂಪ್ಯೂಟರ್. ಕಣ್ಣು ತಪ್ಪಿ ಬಲದಿಂದ ಎಡಕ್ಕೆ ಎಳೆದರೆ ನೀನು ತಿದ್ದಿದ ಹೊಸ ಫೈಲ್ ಮೇಲೆ ಹಳೆಯದು ಬಂದು ಕೂರುತ್ತದೆ.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಮಾತ್ರ ಇದು: ಮೂಲ ಯಾವಾಗಲೂ ನಿನ್ನ ಕಂಪ್ಯೂಟರ್‌ನಲ್ಲಿರಲಿ, ಸರ್ವರ್ ಮೇಲೆ ಇರುವುದು ಅದರ ನಕಲು. ಮೊದಲು ಇಲ್ಲಿ ತಿದ್ದು, ಇಲ್ಲಿ ನೋಡು, ಆಮೇಲೆ ಮೇಲಕ್ಕೆ ಕಳಿಸು. ಕೆಲಸ ಕಲಿಯುವ ದಿನಗಳಲ್ಲಿ ನಾನು ಒಂದು ಶಾಲೆಯ ಸೈಟನ್ನು ನೇರ ಸರ್ವರ್ ಮೇಲೇ ತಿದ್ದುತ್ತಿದ್ದೆ. ಸೇವ್ ಒತ್ತಿದಾಗಲೇ ಕರೆಂಟ್ ಹೋಯಿತು. ಮತ್ತೆ ತೆರೆದರೆ ಆ ಫೈಲ್ 0 ಬೈಟ್. ನನ್ನ ಹತ್ತಿರ ಬೇರೆ ನಕಲು ಇರಲಿಲ್ಲ. ಮಕ್ಕಳ ಹೆಸರಿನ ಪಟ್ಟಿಯನ್ನು ಮೂರು ದಿನ ಕೂತು ಮತ್ತೆ ಟೈಪ್ ಮಾಡಿದೆ. ಅಂದಿನಿಂದ ಒಂದು ಅಕ್ಷರ ತಿದ್ದುವುದಿದ್ದರೂ ಮೊದಲು ಇಡೀ ಫೋಲ್ಡರ್ ನಕಲು ತೆಗೆದು, ಅದಕ್ಕೆ ಅವತ್ತಿನ ತಾರೀಕು ಹೆಸರಿಡುತ್ತೇನೆ. ನಾಲ್ಕು ಪುಟದ ಸೈಟಿಗೆ ಎರಡು ನಿಮಿಷವೂ ಬೇಡ.

ಪ್ರಶ್ನೆ, ಬಾಗಲಕೋಟೆಯಿಂದ:

ಮೇಡಂ, ನಮ್ಮ ಹೋಸ್ಟಿಂಗ್‌ನವರು ಫೈಲ್ ಕಳಿಸುವುದಕ್ಕೆ ಎಫ್‌ಟಿಪಿ, ಎಸ್‌ಎಫ್‌ಟಿಪಿ ಎರಡೂ ದಾರಿ ಇದೆ ಅಂತ ಬರೆದಿದ್ದಾರೆ. ಯಾವುದು ಹಾಕಲಿ?

ಉತ್ತರ:

ಎಸ್‌ಎಫ್‌ಟಿಪಿ ಹಾಕಿ. ಪೋರ್ಟ್, ಅಂದರೆ ಸರ್ವರ್‌ನ ಬಾಗಿಲಿನ ಅಂಕಿ, ಸಾಮಾನ್ಯವಾಗಿ 22. ಬರೀ ಎಫ್‌ಟಿಪಿಯದು 21. ಅದರಲ್ಲಿ ನಿಮ್ಮ ಪಾಸ್‌ವರ್ಡ್ ತೆರೆದ ಅಂಚೆ ಕಾರ್ಡಿನಂತೆ ಹೋಗುತ್ತದೆ, ದಾರಿಯಲ್ಲಿ ಇರುವವರು ಓದಬಹುದು. ಕಾಲೇಜಿನ ವೈಫೈ, ಬಸ್ ನಿಲ್ದಾಣದ ವೈಫೈನಲ್ಲಿ ಅದನ್ನು ಬಳಸಲೇಬೇಡಿ. ಎಸ್‌ಎಫ್‌ಟಿಪಿ ಇಲ್ಲದ ಕಡೆ ಎಫ್‌ಟಿಪಿ ಓವರ್ ಟಿಎಲ್‌ಎಸ್ ಆಯ್ಕೆ ಇರಬಹುದು, ಅದೂ ಸುರಕ್ಷಿತ.

ಎಫ್‌ಟಿಪಿ ಕೆಟ್ಟದ್ದು ಅಂತಲ್ಲ. ಅದರ ಮೊದಲ ಕರಡನ್ನು 1971ರಲ್ಲಿ ಬರೆದವರು ಅಭಯ್ ಭೂಷಣ್, ಕಾನ್ಪುರದ ಐಐಟಿಯಲ್ಲಿ ಓದಿದವರು. ಆಗ ಜಾಲದಲ್ಲಿ ಇದ್ದ ಕಂಪ್ಯೂಟರ್‌ಗಳೇ ಕೆಲವು, ಕದಿಯುವವರ ಚಿಂತೆ ಇರಲಿಲ್ಲ. ನಮ್ಮ ದೇಶದವರೊಬ್ಬರು ಹಾಕಿಕೊಟ್ಟ ದಾರಿಯಲ್ಲಿ ಇಷ್ಟು ವರ್ಷ ಲೋಕದ ಫೈಲ್ ಓಡಾಡಿವೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಈ ಕೆಲಸ ಕಲಿಸುವಾಗ ಮಕ್ಕಳಿಗೆ ಹೇಳದೆ ಬಿಡುವುದಿಲ್ಲ.

ಪ್ರಶ್ನೆ, ತಿಕೋಟಾದಿಂದ:

ಮೇಡಂ, ನಾವು ಒಣದ್ರಾಕ್ಷಿ ಮಾರುತ್ತೇವೆ. ಸೈಟಿನಲ್ಲಿ ದರದ ಪಟ್ಟಿ ಪಿಡಿಎಫ್ ಇದೆ. ಪ್ರತಿ ವಾರ ಹೊಸದನ್ನು ಅದೇ ಹೆಸರಲ್ಲಿ ಹಾಕುತ್ತೇವೆ. ಫೈಲ್‌ಜಿಲ್ಲಾದಲ್ಲಿ ಹೋಗಿದೆ ಅಂತ ತೋರಿಸುತ್ತದೆ. ಆದರೆ ಗಿರಾಕಿಗಳು ಹಳೇ ದರ ಹಿಡಿದು ಜಗಳ ಮಾಡುತ್ತಾರೆ.

ಉತ್ತರ:

ಅಣ್ಣಾರ, ನಿಮ್ಮ ಫೈಲ್ ಸರಿಯಾಗಿಯೇ ಹೋಗಿದೆ. ಗಿರಾಕಿಯ ಮೊಬೈಲ್ ಹಳೆಯದನ್ನು ಎತ್ತಿಟ್ಟುಕೊಂಡಿದೆ. ಒಮ್ಮೆ ನೋಡಿದ ಫೈಲನ್ನು ಬ್ರೌಸರ್ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ಇದಕ್ಕೆ ಕ್ಯಾಶ್ ಅನ್ನುತ್ತಾರೆ. ಎರಡನೇ ಸಲ ಹೆಸರು ಅದೇ ಇದ್ದರೆ ಕೆಲವು ಸಲ ಸರ್ವರ್ ತನಕ ಬರುವುದೇ ಇಲ್ಲ. ನಿಮ್ಮ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆ ಪಿಡಿಎಫ್ ತೆರೆದು ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿದರೆ ಹೊಸದು ಬರುತ್ತದೆ. ಆದರೆ ಪ್ರತಿ ಗಿರಾಕಿಗೂ ಇದನ್ನು ಹೇಳಿಕೊಡಲು ಆಗುತ್ತದಾ?

ಅದಕ್ಕೇ ಹೆಸರು ಬದಲಿಸಿ. ಪ್ರತಿ ವಾರ ಪಿಡಿಎಫ್ ಹೆಸರಿನಲ್ಲಿ ತಾರೀಕು ಇರಲಿ, ಪುಟದಲ್ಲಿನ ಕೊಂಡಿಯನ್ನೂ ಹೊಸ ಹೆಸರಿಗೆ ತಿರುಗಿಸಿ. ಹೊಸ ಹೆಸರು ಮೊಬೈಲ್‌ಗೆ ಗೊತ್ತಿಲ್ಲ, ಬಂದು ಕೇಳಲೇಬೇಕು. ಜೊತೆಗೆ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಈ ದರ ಯಾವ ತಾರೀಕಿನದು ಅಂತ ಬರೆಯಿರಿ. ದುಡ್ಡಿನ ವಿಷಯ, ಜಗಳಕ್ಕೆ ಜಾಗ ಇರಬಾರದು.

ಪ್ರಶ್ನೆ, ವಿಜಯಪುರದಿಂದ:

ನಾನು ನಿವೃತ್ತ ಶಿಕ್ಷಕ. ನಮ್ಮ ಹಳ್ಳಿಯ ಗಾದೆ, ಸೋಬಾನೆ ಹಾಡುಗಳನ್ನು ಕೂಡಿಸಿ ಒಂದು ಸಣ್ಣ ಸೈಟ್ ಮಾಡಿದ್ದೇನೆ. ಮೊದಲೇ ನುಡಿ ಅನ್ನುವ ಕನ್ನಡ ಬರೆಯುವ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದನ್ನು ಪುಟಕ್ಕೆ ಅಂಟಿಸಿ ಹಾಕಿದೆ. ಕೆಲವು ಪುಟದಲ್ಲಿ ಕನ್ನಡದ ಬದಲು ಏನೇನೋ ಇಂಗ್ಲಿಷ್ ಅಕ್ಷರ ಬರುತ್ತಿವೆ. ಮತ್ತೆ ಮತ್ತೆ ಅಪ್‌ಲೋಡ್ ಮಾಡಿದರೂ ಹಾಗೇ.

ಉತ್ತರ:

ಸರ್, ನೀವು ಮಾಡುತ್ತಿರುವುದು ದೊಡ್ಡ ಕೆಲಸ. ಅಪ್‌ಲೋಡ್‌ನಲ್ಲಿ ತಪ್ಪಿಲ್ಲ, ಫೈಲ್ ಒಳಗೇ ಇದೆ. ಎರಡು ಬೇರೆ ಬೇರೆ ಕಾಯಿಲೆ ಇರಬಹುದು, ಕಣ್ಣಿಂದಲೇ ಗುರುತು ಹಿಡಿಯಬಹುದು.

ತಲೆಯ ಮೇಲೆ ಗೀಟಿರುವ ಸಣ್ಣ ಎ ಅಕ್ಷರ ಮತ್ತೆ ಮತ್ತೆ ಬಂದು, ಅದರ ಪಕ್ಕದಲ್ಲೇ ಪುಟ್ಟ 2 ಅಥವಾ ಪುಟ್ಟ 3 ಕಾಣುತ್ತಿದ್ದರೆ ಹೆದರಬೇಡಿ. ನಿಮ್ಮ ಕನ್ನಡ ಯುನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗೂ ಒಂದೇ ಆದ ಅಕ್ಷರ ಸಂಕೇತದಲ್ಲೇ ಇದೆ, ಬ್ರೌಸರ್ ಅದನ್ನು ತಪ್ಪಾಗಿ ಓದುತ್ತಿದೆ. ಪುಟದ ತಲೆಭಾಗದಲ್ಲಿ ಅಕ್ಷರ ಕ್ರಮ ಯುಟಿಎಫ್-8 ಅಂತ ತಿಳಿಸುವ ಮೆಟಾ ಸಾಲು ಸೇರಿಸಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡುವಾಗಲೂ ಎನ್‌ಕೋಡಿಂಗ್ ಕಡೆ ಯುಟಿಎಫ್-8 ಆರಿಸಿ. ಹಳೇ ವಿಂಡೋಸ್‌ನಲ್ಲಿ ಅದು ತಾನಾಗಿ ಇರುವುದಿಲ್ಲ, 2019ರ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ಇದೆ.

ಆ ಸಣ್ಣ ಎ ಮತ್ತು ಪುಟ್ಟ 2, 3ರ ಜೋಡಿ ಮತ್ತೆ ಮತ್ತೆ ಬರದೆ ಬಗೆಬಗೆಯ ಅಕ್ಷರ ಕಲಸಿಕೊಂಡಿದ್ದರೆ ಅದು ಹಳೇ ನುಡಿ ಫಾಂಟಿನ ಬರಹ. ಅಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ. ಕನ್ನಡದ ಆಕಾರ ಕೊಡುವುದು ನಿಮ್ಮ ಕಂಪ್ಯೂಟರ್‌ನ ಫಾಂಟ್. ಓದುವವರ ಮೊಬೈಲ್‌ನಲ್ಲಿ ಆ ಫಾಂಟ್ ಇರುವುದಿಲ್ಲ. ನುಡಿಯ ಜೊತೆಗೇ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬರುತ್ತದೆ, ಮೂಲ ಕಡತವನ್ನು ಅದರಲ್ಲಿ ಹಾಕಿ ಬದಲಿಸಿ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಬರುವ ಪದಗಳನ್ನು ಒಮ್ಮೆ ಓದಿ ನೋಡಿ, ಅಲ್ಲಲ್ಲಿ ತಪ್ಪಿರುತ್ತದೆ. ಹಾಡು ಹೇಳಿದ ಅಜ್ಜಿಯರ ಮಾತು ಒಂದಕ್ಷರ ಕೆಡಬಾರದು. ಹಳೇ ನುಡಿ ಕಡತಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಮತ್ತೆ ಇಳಕಲ್ಲಿನಿಂದ:

ಅಕ್ಕಾರ, ನೀವು ಹೇಳಿದ್ದೇ ಆಗಿತ್ತು. ಹತ್ತು ಫೋಟೋದಲ್ಲಿ ಎಂಟಕ್ಕೆ ಕೊನೆಯ ಜೆಪಿಜಿ ದೊಡ್ಡ ಅಕ್ಷರದಲ್ಲಿತ್ತು. ಹೆಸರು ಬದಲಿಸಿ ಹಾಕಿದೆ, ಬಂದವು. ಉಳಿದ ಎರಡರಲ್ಲಿ ಒಂದಕ್ಕೆ ನಡುವೆ ಜಾಗ ಇತ್ತು, ಅದೂ ಬಂತು. ಕೊನೆಯದಕ್ಕೆ 404 ಅಲ್ಲ, 403 ಅಂತ ಬರುತ್ತಿದೆ. ಇನ್ನೊಂದು, ಮೊದಲು ತಪ್ಪು ಜಾಗದಲ್ಲಿ ಹಾಕಿದ ಫೈಲ್‌ಗಳು ಸರ್ವರ್ ಮೇಲೆ ಹಾಗೇ ಇವೆ. ಎಲ್ಲ ಅಳಿಸಿಬಿಡಲಾ?

ಉತ್ತರ:

ಒಳ್ಳೇದಾಯ್ತು ತಮ್ಮಾ. 403 ಅಂದರೆ ಫೈಲ್ ಇದೆ, ಕೊಡಲು ಅನುಮತಿ ಇಲ್ಲ. ಫೈಲ್‌ಜಿಲ್ಲಾದ ಬಲಗಡೆ ಆ ಫೋಟೋ ಮೇಲೆ ಬಲಗುಂಡಿ ಒತ್ತಿ ಫೈಲ್ ಪರ್ಮಿಷನ್ಸ್ ತೆರೆ. ಅಂಕಿ 644 ಮಾಡು. ಫೋಲ್ಡರ್‌ಗಾದರೆ 755. ಯಾರಾದರೂ 777 ಹಾಕು ಅಂದರೆ ಕೇಳಬೇಡ, ಅದು ಬಾಗಿಲು ತೆಗೆದಿಟ್ಟು ಊರಿಗೆ ಹೋದಂತೆ.

ಅಳಿಸುವುದಕ್ಕೆ ಅವಸರ ಬೇಡ. ಮೊದಲು ಸರ್ವರ್ ಮೇಲಿರುವುದನ್ನೆಲ್ಲ ಒಂದು ಹೊಸ ಫೋಲ್ಡರ್‌ಗೆ ಇಳಿಸಿಕೋ. ಆಮೇಲೆ ನೀನೇ ಹಾಕಿದ ಫೈಲ್ ಯಾವುವು ಅಂತ ಜಿಪ್ ಜೊತೆ ಹೋಲಿಸಿ ಅಷ್ಟನ್ನೇ ತೆಗೆ. ಹೆಸರು ಚುಕ್ಕಿಯಿಂದ ಶುರುವಾಗುವ ಫೈಲ್, ಮೇಲ್ ಅನ್ನುವ ಫೋಲ್ಡರ್ ಇವುಗಳನ್ನು ಮುಟ್ಟಬೇಡ. ಅವು ಹೋಸ್ಟಿಂಗ್‌ನವರು ಇಟ್ಟದ್ದು, ಮೇಲ್ ಹೋದರೆ ಅಂಗಡಿಯ ಇಮೇಲ್‌ಗಳೂ ಹೋಗುತ್ತವೆ. ಒಂದೊಂದನ್ನು ತೆಗೆದ ಮೇಲೆ ಸೈಟ್ ತೆರೆದು ನೋಡು.

ಫೋಟೋ ಬಂದಿರುವುದನ್ನು ನಾನೂ ನೋಡಿದೆ. ಸೀರೆಯ ಚಿಕ್ಕಿ ಪಾರಾಸ್ ದಡಿ, ಅಂದರೆ ಅಂಚಿನ ವಿನ್ಯಾಸ, ದೂರದಿಂದ ತೆಗೆದದ್ದರಲ್ಲಿ ಸರಿಯಾಗಿ ತಿಳಿಯುತ್ತಿಲ್ಲ. ಹಗಲು ಬೆಳಕಲ್ಲಿ, ಹತ್ತಿರದಿಂದ ಇನ್ನೊಂದು ತೆಗೆದು ಹಾಕು. ಈಗ ಎರಡೇ ಫೈಲ್ ಕಳಿಸಿದರೆ ಆಯಿತಲ್ಲ.